ಬಾಸ್ ಟ್ರೊಂಬೋನಿಗೆ ಯಾವ ವಾಲ್ವ್? ಬಳ್ಳಾರಿಯ ಬಿಸಿಲು, ಧೂಳು ಲೆಕ್ಕಕ್ಕಿಟ್ಟು ಒಂದು ಉತ್ತರ

ಪ್ರಶ್ನೆ: ಸರ್, ನಾನು ಬಳ್ಳಾರಿಯ ಕೌಲ್ ಬಜಾರಿನವನು. ಮದುವೆ ಮೆರವಣಿಗೆಗೆ ಹೋಗುವ ಬ್ಯಾಂಡಿನಲ್ಲಿ ಕೆಲವು ವರ್ಷಗಳಿಂದ ಟೆನರ್ ಟ್ರೊಂಬೋನ್ ನುಡಿಸುತ್ತಿದ್ದೇನೆ. ಭಾನುವಾರ ಚರ್ಚಿನ ಕ್ವಾಯರ್ ಜೊತೆ ಕೂರುತ್ತೇನೆ. ಮುಂದೆ ಬೆಂಗಳೂರಿನಲ್ಲಿ ಆರ್ಕೆಸ್ಟ್ರಾ ಅವಕಾಶ ಸಿಕ್ಕರೆ ಹೋಗುವ ಆಸೆಯೂ ಇದೆ. ಬಾಸ್ ಟ್ರೊಂಬೋನ್ ಕೊಳ್ಳಲು ಹಣ ಕೂಡಿಸಿದ್ದೇನೆ. ಮೂರು ವಾದ್ಯಗಳು ಮಾರಾಟಕ್ಕಿವೆ. ಒಂದು, ಎರಡು ಸಾದಾ ರೋಟರಿ ವಾಲ್ವ್ ಇರುವ ಹಳೆಯ ಡಿಪೆಂಡೆಂಟ್ (ಮೊದಲ ವಾಲ್ವ್ ಒತ್ತಿದಾಗ ಮಾತ್ರ ಎರಡನೆಯದು ಕೆಲಸ ಮಾಡುವಂಥದ್ದು). ಇನ್ನೊಂದು, ಎರಡು ಥೇಯರ್ ವಾಲ್ವ್ (ಶಂಕುವಿನಾಕಾರದ ರೋಟರಿನದು) ಇರುವ ಇಂಡಿಪೆಂಡೆಂಟ್ (ಎರಡನೇ ವಾಲ್ವನ್ನು ಒಂಟಿಯಾಗಿಯೂ ಒತ್ತಬಹುದಾದದ್ದು), ಇದೂ ಸೆಕೆಂಡ್ ಹ್ಯಾಂಡ್. ಮತ್ತೊಂದು, ಎರಡು ರೋಟರಿ ಇರುವ ಹೊಸ ಇಂಡಿಪೆಂಡೆಂಟ್, ಬೆಲೆ ಕಡಿಮೆ. ಕೇಳಿದವರೆಲ್ಲ "ಇಂಡಿಪೆಂಡೆಂಟ್ ತಗೋ, ಅದರಾಗೂ ಥೇಯರ್ ಸಿಕ್ಕರ ಬಿಡಬ್ಯಾಡ" ಅಂತಾರೆ. ನಿಮ್ಮ ಅಭಿಪ್ರಾಯ ಏನು?

ಉತ್ತರ: ಹಳೆಯ ಡಿಪೆಂಡೆಂಟ್ ವಾದ್ಯದ ರೋಟರುಗಳು (ವಾಲ್ವಿನೊಳಗೆ ತಿರುಗುವ ಉರುಳೆಗಳು) ಗಾಳಿ ಸೋರದೆ ಬಿಗಿಯಾಗಿದ್ದರೆ ಅದನ್ನೇ ಕೊಳ್ಳಿ. ನಿಮಗೆ ಸಲಹೆ ಕೊಟ್ಟವರು ಹೇಳಿದ್ದು ಸುಳ್ಳೇನಲ್ಲ. ಆದರೆ ಆ ಮಾತು ತಂಪಾದ ಹಾಲ್‌ನಲ್ಲಿ ಕೂತು ನುಡಿಸುವವರಿಗೆ, ಪಕ್ಕದ ಬೀದಿಯಲ್ಲೇ ರಿಪೇರಿಯವರು ಇರುವವರಿಗೆ ಒಪ್ಪುವ ಮಾತು. ನೀವು ಏಪ್ರಿಲ್‌ ಬಿಸಿಲಲ್ಲಿ ಮೆರವಣಿಗೆಯ ಮುಂದೆ ನಡೆಯುವವರು. ಹಾಗಾಗಿ ನಿಮ್ಮ ಲೆಕ್ಕ ಬೇರೆ. ಆ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ನಾನು ಹೇಳಿದೆನೆಂದು ಕೊಳ್ಳಬೇಡಿ, ವಾದ್ಯವನ್ನು ನೀವೇ ಪರೀಕ್ಷಿಸಿ ಕೊಳ್ಳಿ.

ವಾಲ್ವ್ ಯಾಕೆ ಬೇಕು ಅನ್ನುವುದರಿಂದ ಶುರು ಮಾಡೋಣ. ಬಾಸ್ ಟ್ರೊಂಬೋನ್ ನಿಮ್ಮ ಟೆನರ್‌ನಷ್ಟೇ ಉದ್ದ, ಸುಮಾರು 9 ಅಡಿ ಕೊಳವೆ, ಅದೇ ಬಿ ಫ್ಲ್ಯಾಟ್ ಶ್ರುತಿ. ವ್ಯತ್ಯಾಸ ಇರುವುದು ಅಗಲದಲ್ಲಿ. ಬಾಸ್‌ನ ಬೋರ್ (ಕೊಳವೆಯ ಒಳವ್ಯಾಸ) ಸಾಮಾನ್ಯವಾಗಿ 0.562 ಇಂಚು, ಅಂದರೆ 14.3 ಮಿಲಿಮೀಟರ್. ಬೆಲ್ ಒಂಬತ್ತೂವರೆ ಇಂಚು ಅಥವಾ ಅದಕ್ಕಿಂತ ದೊಡ್ಡದು. ಮೌತ್‌ಪೀಸ್ ಕೂಡ ದೊಡ್ಡದು. ಸ್ಲೈಡನ್ನು ಕೊನೆಯದಾದ ಏಳನೇ ಪೊಸಿಷನ್‌ವರೆಗೆ ಚಾಚಿದರೂ ಕೆಳಗಿನ ಇ ಸ್ವರಕ್ಕೆ ನಿಲ್ಲಬೇಕು. ಅಲ್ಲಿಂದ ಕೊಳವೆಯ ಮೂಲ ಸ್ವರವಾದ ಪೆಡಲ್ ಬಿ ಫ್ಲ್ಯಾಟ್‌ವರೆಗೆ ನಡುವೆ ಖಾಲಿ. ಆ ಖಾಲಿ ಜಾಗ ತುಂಬಲು 1839ರಲ್ಲಿ ಜರ್ಮನಿಯ ಲೈಪ್ಸಿಗ್‌ನ ಕ್ರಿಶ್ಚಿಯನ್ ಫ್ರೀಡ್ರಿಕ್ ಸಾಟ್ಲರ್ ಎಫ್ ವಾಲ್ವ್ ಜೋಡಿಸಿದ. ಟ್ರಿಗರ್ (ವಾಲ್ವ್ ತಿರುಗಿಸುವ ಎಡಗೈ ಸನ್ನೆ) ಒತ್ತಿದರೆ ಸುಮಾರು 3 ಅಡಿ ಕೊಳವೆ ಸೇರಿಕೊಳ್ಳುತ್ತದೆ, 9 ಅಡಿಯ ವಾದ್ಯ 12 ಅಡಿಯದಾಗಿ ಎಫ್‌ಗೆ ಇಳಿಯುತ್ತದೆ. (ಬ್ರಿಟಿಷ್ ಸೇನಾ ಬ್ಯಾಂಡುಗಳು ಬಹುಕಾಲ ಬೇರೆ ದಾರಿ ಹಿಡಿದಿದ್ದವು. ಜಿ ಶ್ರುತಿಯ ಉದ್ದನೆಯ ಬಾಸ್ ಟ್ರೊಂಬೋನ್, ಕೈಗೆ ಎಟುಕದ ಸ್ಲೈಡನ್ನು ದೂಡಲು ಅದಕ್ಕೊಂದು ಹಿಡಿಕೆ. ಹಳೆಯ ಕಂಟೋನ್ಮೆಂಟ್ ಊರುಗಳ ಬ್ಯಾಂಡ್ ಫೋಟೋಗಳನ್ನು ನೋಡುವಾಗ ಆ ಹಿಡಿಕೆ ಇದೆಯೇ ಎಂದು ಹುಡುಕುವುದು ನನಗೆ ಇಂದಿಗೂ ಖುಷಿಯ ಕೆಲಸ.)

ಒಂದೇ ಎಫ್ ವಾಲ್ವ್ ಇದ್ದರೆ ಒಂದು ಸ್ವರ ಸಿಗುವುದೇ ಇಲ್ಲ. ಕೊಳವೆ ಉದ್ದವಾದಷ್ಟೂ ಪೊಸಿಷನ್‌ಗಳ ನಡುವಿನ ಅಂತರವೂ ಹಿಗ್ಗುತ್ತದೆ. ಹೀಗಾಗಿ ಎಫ್ ಕಡೆ, ಅಂದರೆ ಟ್ರಿಗರ್ ಒತ್ತಿ ನುಡಿಸುವಾಗ, ಸ್ಲೈಡಿನಲ್ಲಿ ಏಳು ಪೊಸಿಷನ್‌ ಹಿಡಿಸುವುದಿಲ್ಲ. ಕೆಳಗಿನ ಸಿ ಸ್ಲೈಡಿನ ತುತ್ತತುದಿಯಲ್ಲಿ ಹೇಗೋ ಸಿಗುತ್ತದೆ. ಅದರ ಕೆಳಗಿನ ಬಿ ಬೇಕೆಂದರೆ ಸ್ಲೈಡ್ ಇನ್ನೂ ಸುಮಾರು ಅರ್ಧ ಅಡಿ ಉದ್ದ ಇರಬೇಕಿತ್ತು. ಈ ಬಿ ಬೇಕಾಗುವುದು ಅಪರೂಪ, ಬೇಕಾದಾಗ ಬಿಟ್ಟು ನುಡಿಸುವಂತಿಲ್ಲ. ಹಂಗೇರಿಯ ಸಂಗೀತ ಸಂಯೋಜಕ ಬಾರ್ಟೋಕ್ 1943ರಲ್ಲಿ ಬರೆದ ಕನ್ಸರ್ಟೋ ಫಾರ್ ಆರ್ಕೆಸ್ಟ್ರಾದಲ್ಲಿ ಬಾಸ್ ಟ್ರೊಂಬೋನಿಗೆ ಆ ಬಿ ಇಂದ ಮೇಲಿನ ಎಫ್‌ವರೆಗೆ ಜಾರಿಸುವ ಪ್ರಸಿದ್ಧ ಜಾಗವೇ ಇದೆ. ಎರಡನೇ ವಾಲ್ವ್ ಹುಟ್ಟಿದ್ದು ಇಂಥ ಸ್ವರಗಳಿಗಾಗಿ. ಎಫ್ ಜೊತೆಗೆ ಅದನ್ನೂ ಒತ್ತಿದರೆ ಮತ್ತೆ ಎರಡೂಕಾಲು ಅಡಿಗಿಂತ ತುಸು ಹೆಚ್ಚು ಕೊಳವೆ ಸೇರಿ ವಾದ್ಯ ಡಿ ಶ್ರುತಿಗೆ ಇಳಿಯುತ್ತದೆ. ಆಗ ಸಿ ಸುಮಾರು ನಾಲ್ಕನೇ ಪೊಸಿಷನ್ ಹತ್ತಿರ, ಬಿ ಐದು-ಆರರ ನಡುವೆ ಆರಾಮಾಗಿ ಬರುತ್ತವೆ.

ಇನ್ನು ಡಿಪೆಂಡೆಂಟ್, ಇಂಡಿಪೆಂಡೆಂಟ್ ವಿಷಯ. ಬಹಳ ಜನ ಇದನ್ನು ವಾಲ್ವಿನ ಜಾತಿಯ ಜೊತೆ ಕಲಸಿಬಿಡುತ್ತಾರೆ. ಎರಡನೇ ವಾಲ್ವ್ ಎಲ್ಲಿ ಕೂತಿದೆ ಅನ್ನುವುದು ಒಂದು ಪ್ರಶ್ನೆ, ಅದು ಯಾವ ಬಗೆಯದು ಅನ್ನುವುದು ಇನ್ನೊಂದು. ಮೊದಲನೆಯದನ್ನು ಅರ್ಥಮಾಡಿಕೊಳ್ಳಲು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ನೆನಪಿಸಿಕೊಳ್ಳಿ. ಮುಖ್ಯ ಕಾಲುವೆಗೆ ಅಡ್ಡಲಾಗಿ ಎರಡು ಗೇಟು ಒಂದರ ಹಿಂದೆ ಒಂದು ಇದ್ದರೆ ಅದು ಇಂಡಿಪೆಂಡೆಂಟ್. ಹೊಲಕ್ಕೆ ಬಿಟ್ಟರೂ ಬಿಡದಿದ್ದರೂ ಎಲ್ಲ ನೀರೂ ಎರಡೂ ಗೇಟು ದಾಟಿಯೇ ಹೋಗಬೇಕು. ಮುಖ್ಯ ಕಾಲುವೆಗೆ ಒಂದೇ ಗೇಟು, ಇನ್ನೊಂದು ಗೇಟು ಅದರ ಉಪಕಾಲುವೆಯ ಮೇಲೆ ಇದ್ದರೆ ಡಿಪೆಂಡೆಂಟ್. ಮೊದಲ ಗೇಟು ತೆರೆಯದ ಹೊರತು ಎರಡನೆಯದಕ್ಕೆ ಕೆಲಸವೇ ಇಲ್ಲ.

ಇದರಿಂದ ಎರಡು ಪರಿಣಾಮ. ಇಂಡಿಪೆಂಡೆಂಟ್‌ನಲ್ಲಿ ಎರಡನೇ ವಾಲ್ವನ್ನು ಒಂಟಿಯಾಗಿ ಒತ್ತಬಹುದು, ಆಗ ಜಿ ಫ್ಲ್ಯಾಟ್ ಶ್ರುತಿ ಸಿಗುತ್ತದೆ. ಎಫ್ ಎರಡನೇ ಪೊಸಿಷನ್‌ನಲ್ಲಿ, ಕೆಳಗಿನ ಡಿ ಐದು-ಆರರ ನಡುವೆ, ಹೀಗೆ ಒಂದೇ ಸ್ವರಕ್ಕೆ ಇನ್ನೊಂದು ದಾರಿ. ಫ್ಲ್ಯಾಟ್‌ಗಳು ತುಂಬಿದ ವೇಗದ ಸಾಲುಗಳಲ್ಲಿ ಅದು ನಿಜಕ್ಕೂ ವರ. ಆದರೆ ಗಮನಿಸಿ, ಎರಡೂ ಒತ್ತಿದಾಗ ಬರುವ ಡಿ ಡಿಪೆಂಡೆಂಟ್‌ನಲ್ಲೂ ಅದೇ ಡಿ. ಕಳೆದುಕೊಂಡಿದ್ದ ಬಿ ಎರಡರಲ್ಲೂ ಸಿಕ್ಕಿತು. ಅಂದರೆ ಡಿಪೆಂಡೆಂಟ್ ಕೊಂಡವರಿಗೆ ತಪ್ಪುವುದು ಆ ಜಿ ಫ್ಲ್ಯಾಟ್ ಒಂದೇ, ಸ್ವರ ಯಾವುದೂ ತಪ್ಪುವುದಿಲ್ಲ.

ಎರಡನೇ ಪರಿಣಾಮದ ಬಗ್ಗೆ ಯಾರೂ ಮಾತಾಡುವುದಿಲ್ಲ. ಇಂಡಿಪೆಂಡೆಂಟ್‌ನಲ್ಲಿ ಎರಡು ವಾಲ್ವಿನಲ್ಲಿ ಯಾವುದು ಸೋರಿದರೂ ವಾದ್ಯ ಪೂರ್ತಿ ಕೆಡುತ್ತದೆ. ಟ್ರಿಗರ್ ಮುಟ್ಟದೆ ನುಡಿಸುವ ಸ್ವರಗಳೂ ಮಂಕಾಗುತ್ತವೆ, ತುಟಿ ಬೇಗ ದಣಿಯುತ್ತದೆ, ಯಾಕೆಂದು ಗೊತ್ತಾಗುವುದಿಲ್ಲ. ಡಿಪೆಂಡೆಂಟ್‌ನ ಎರಡನೇ ವಾಲ್ವ್ ಸೋರಿದರೆ ಕೆಡುವುದು ಎಫ್ ಕಡೆಯ ಸ್ವರಗಳು ಮಾತ್ರ. ಬಿ ಫ್ಲ್ಯಾಟ್ ಕಡೆ ನಿಮ್ಮ ಮೆರವಣಿಗೆ, ನಿಮ್ಮ ಕ್ವಾಯರ್ ನಡೆಯುತ್ತಲೇ ಇರುತ್ತದೆ. ಸುಸಜ್ಜಿತ ರಿಪೇರಿ ಅಂಗಡಿ ಬೇಕೆಂದರೆ ಬಸ್ಸು, ರೈಲು ಹತ್ತಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಾದ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಬಿ ಫ್ಲ್ಯಾಟ್ ಕಡೆ ಉಸಿರು ಒಂದೇ ವಾಲ್ವ್ ದಾಟುವುದರಿಂದ ಡಿಪೆಂಡೆಂಟ್ ಬಿಡುಬೀಸಾಗಿ ನುಡಿಯುತ್ತದೆ ಅನ್ನುವವರೂ ಬಹಳ ಮಂದಿ. ನನ್ನ ಕಿವಿಗೂ ಹಾಗೆಯೇ ಕೇಳಿದೆ.

ಈಗ ವಾಲ್ವಿನ ಬಗೆಗಳು. ಸಾದಾ ರೋಟರಿ 1830ರ ದಶಕದಿಂದ ಮೂಲದಲ್ಲಿ ಬದಲಾಗದೆ ಬಂದ ಯಂತ್ರ. ವಿಯೆನ್ನಾದ ಯೋಸೆಫ್ ರೀಡ್ಲ್ 1835ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದಿದ್ದ. ಉರುಳೆಯಾಕಾರದ ರೋಟರ್ ಕಾಲು ಸುತ್ತು ತಿರುಗಿ ಗಾಳಿಯನ್ನು ಬೇರೆ ಕೊಳವೆಗೆ ಹರಿಸುತ್ತದೆ. ಚಿಕ್ಕ ಜಾಗದಲ್ಲಿ ಗಾಳಿ ಗಕ್ಕನೆ ತಿರುಗಬೇಕು ಅನ್ನುವುದೇ ಅದರ ಮೇಲಿನ ದೂರು. ಹಳೆಯ ಕಿರಿದಾದ ರೋಟರುಗಳಲ್ಲಿ ಟ್ರಿಗರ್ ಒತ್ತಿದೊಡನೆ ದನಿ ಸ್ವಲ್ಪ ಮುಚ್ಚಿದಂತೆ ಆಗುತ್ತದೆ, ಅದು ದಿಟ. ಆದರೆ ಒಳದಾರಿ ಅಗಲವಾಗಿರುವ ದೊಡ್ಡ ರೋಟರುಗಳಲ್ಲಿ, ಕೊಳವೆಯನ್ನು ಹೆಚ್ಚು ಸುತ್ತದೆ ಸಡಿಲವಾಗಿ ಬಾಗಿಸಿದ ವಾದ್ಯಗಳಲ್ಲಿ ಆ ದೂರು ಬಹುಪಾಲು ಕರಗುತ್ತದೆ.

ಥೇಯರ್ ವಾಲ್ವನ್ನು ಅಮೆರಿಕದ ಎಡ್ ಥೇಯರ್ 1970ರ ದಶಕದಲ್ಲಿ ರೂಪಿಸಿದ. ಇದರ ರೋಟರ್ ಶಂಕುವಿನಾಕಾರದ್ದು. ಗಾಳಿ ಅದರ ಅಡ್ಡಕ್ಕೆ ಹೋಗದೆ ಉದ್ದಕ್ಕೆ, ಬಹಳ ಕಡಿಮೆ ಬಾಗಿ ಹರಿಯುತ್ತದೆ. ಆಕ್ಸಿಯಲ್ ಫ್ಲೋ ಅನ್ನುವುದು ಇದನ್ನೇ. ಒಳ್ಳೆಯ ಸ್ಥಿತಿಯ ಥೇಯರ್‌ನಲ್ಲಿ ಬಿ ಫ್ಲ್ಯಾಟ್ ಕಡೆಯಿಂದ ಎಫ್ ಕಡೆಗೆ ಮೀಂಡ್ ಎಳೆದಂತೆ ಸ್ವರ ಸೇರಿಸಿದರೆ ವಾಲ್ವ್ ಒತ್ತಿದ್ದು ಕೇಳುವವರಿಗೆ ತಿಳಿಯುವುದೇ ಇಲ್ಲ. ಕೆಳಗಿನ ಸಿ ಬಾಗಿಲು ತೆರೆದಿಟ್ಟಂತೆ ಬರುತ್ತದೆ. ಅದರ ಸೊಗಸನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಕೆಲವರಿಗೆ ಮಾತ್ರ ಅಷ್ಟು ತೆರೆದ ವಾದ್ಯದಲ್ಲಿ ಸ್ವರ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ ಅನ್ನಿಸುತ್ತದೆ.

ಕಷ್ಟ ಇರುವುದು ಅದರ ಪಾಲನೆಯಲ್ಲಿ. ಶಂಕು ತನ್ನ ಗೂಡಿನಲ್ಲಿ ಎಷ್ಟು ಒಳಗೆ ಕೂರಬೇಕು ಅನ್ನುವುದಕ್ಕೆ ಒಂದು ಹದ ಇದೆ. ತುಸು ಒಳಗೆ ಹೋದರೆ ಹಿಡಿಯುತ್ತದೆ, ತುಸು ಹೊರಗೆ ಬಂದರೆ ಸೋರುತ್ತದೆ. ಎಣ್ಣೆ ಒಣಗಿದ ದಿನವೇ ಎರಡರಲ್ಲಿ ಒಂದು ಆಗುತ್ತದೆ. ಆ ಹದ ತಿಳಿದವರ ಕೈಗೇ ಅದನ್ನು ಕೊಡಬೇಕು. ಗಾತ್ರವೂ ದೊಡ್ಡದು, ಹಾಗಾಗಿ ಎಡಗೈಗೆ ಜಾಗ ಇಕ್ಕಟ್ಟು.

ಹಾಗ್‌ಮನ್ ವಾಲ್ವ್ ನಿಮ್ಮ ಪಟ್ಟಿಯಲ್ಲಿ ಇಲ್ಲ, ಆದರೆ ಮುಂದೆ ಎದುರಾಗಬಹುದು. ಸ್ವಿಟ್ಜರ್ಲೆಂಡಿನ ಜಿನೀವಾದ ರೆನೆ ಹಾಗ್‌ಮನ್ ಮಾಡಿದ್ದು. ರೋಟರಿಗಿಂತ ತೆರೆದದ್ದು, ಥೇಯರ್‌ಗಿಂತ ಚಿಕ್ಕದು, ಎರಡರ ನಡುವಿನ ದಾರಿ. ಚೆನ್ನಾಗಿರುವ ಜೋಡಿ ಹಾಗ್‌ಮನ್ ಕೈಗೆಟುಕುವ ಬೆಲೆಗೆ ಬಂದರೆ ಮತ್ತೆ ಕೇಳಿ, ಆಗ ನನ್ನ ಉತ್ತರ ಇಷ್ಟು ಖಡಾಖಂಡಿತ ಇರುವುದಿಲ್ಲ.

ಇನ್ನು ನಮ್ಮ ಕಡೆಯ ಹವಾಮಾನ. ಸಂಡೂರು, ತೋರಣಗಲ್ಲು ಕಡೆಯ ರಸ್ತೆಗಳಲ್ಲಿ ಮೆರವಣಿಗೆಗೆ ಹೋಗಿ ಬಂದವರ ಬಿಳಿ ಯೂನಿಫಾರ್ಮ್ ನೋಡಿದರೆ ಸಾಕು, ಗಾಳಿಯಲ್ಲಿ ಏನಿದೆ ಎಂದು ತಿಳಿಯುತ್ತದೆ. ಆ ಕೆಂಪು ಧೂಳಿನಲ್ಲಿರುವ ಹೆಮಟೈಟ್ ಅದಿರು ಗಡಸುತನದ ಮೋಸ್ ಅಳತೆಯಲ್ಲಿ ಐದೂವರೆಯಿಂದ ಆರೂವರೆ. ವಾದ್ಯದ ಹಿತ್ತಾಳೆ ಸುಮಾರು ಮೂರು. ಅಂದರೆ ಧೂಳು ಹಿತ್ತಾಳೆಯನ್ನು ಗೀರುತ್ತದೆ, ಹಿತ್ತಾಳೆ ಧೂಳನ್ನಲ್ಲ. ಅದು ಮೊದಲು ಸ್ಲೈಡಿನ ಮೇಲಿನ ಎಣ್ಣೆಗೆ ಅಂಟಿ ಒಳಗೆ ಹೋಗುತ್ತದೆ, ಅಲ್ಲಿಂದ ಉಸಿರಿನ ತೇವದ ಜೊತೆ ವಾಲ್ವಿಗೆ ಇಳಿಯುತ್ತದೆ. ರೋಟರಿಗೂ ಗೂಡಿಗೂ ನಡುವಿನ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಅಲ್ಲಿ ಒಂದು ಕಣ ಸಿಕ್ಕರೆ ಉದ್ದಕ್ಕೂ ಗೀರು ಬೀಳುತ್ತದೆ, ಆ ಗೀರಿನಲ್ಲಿ ಗಾಳಿ ಸೋರುತ್ತದೆ. ಸಾದಾ ರೋಟರಿಗೂ ಇದು ತಪ್ಪಿದ್ದಲ್ಲ. ಆದರೆ ಅದನ್ನು ಕಳಚಿ ಒರೆಸಿ ಮತ್ತೆ ಕೂರಿಸುವುದನ್ನು ನಿಮ್ಮಂಥ ಜಾಣ ಹುಡುಗ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಥೇಯರ್ ಕಳಚುವುದನ್ನು ನಾನು ಮನೆಯಲ್ಲಿ ಕಲಿಯಿರಿ ಎನ್ನಲಾರೆ.

ಬಿಸಿಲು ಎರಡು ರೀತಿ ಕಾಡುತ್ತದೆ. ತೆಳು ಎಣ್ಣೆ ಬೇಗ ಆರಿಹೋಗುತ್ತದೆ, ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕಿಲ್ಲ. ಜೊತೆಗೆ ಶ್ರುತಿ ಏರುತ್ತದೆ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಹತ್ತಿರಹತ್ತಿರ 3 ಸೆಂಟ್ ಮೇಲೇರುತ್ತದೆ, ನೂರು ಸೆಂಟ್ ಸೇರಿದರೆ ಅರ್ಧ ಸ್ವರ. ಉಸಿರಿನ ಬಿಸಿ ಹೇಗೂ ಒಳಗಿರುವುದರಿಂದ ಹೊರಗಿನ ಏರಿಳಿತ ಪೂರ್ತಿ ತಟ್ಟುವುದಿಲ್ಲ. ಆದರೂ ಚರ್ಚಿನ ಒಳಗೆ ಸರಿಯಿದ್ದ ವಾದ್ಯ 40 ಡಿಗ್ರಿಯ ಬೀದಿಯಲ್ಲಿ ಕಿವಿಗೆ ತಿಳಿಯುವಷ್ಟು ಏರಿರುತ್ತದೆ. ಮುಖ್ಯ ಟ್ಯೂನಿಂಗ್ ಸ್ಲೈಡ್ ಎಳೆದು ಅನೇಕರು ಸುಮ್ಮನಾಗುತ್ತಾರೆ. ವಾಲ್ವಿನ ಕೊಳವೆಗಳಿಗೂ ತಮ್ಮ ಟ್ಯೂನಿಂಗ್ ಸ್ಲೈಡ್ ಇದೆ, ಅವುಗಳನ್ನೂ ಅದೇ ಪ್ರಮಾಣದಲ್ಲಿ ಎಳೆಯಬೇಕು, ಇಲ್ಲದಿದ್ದರೆ ಟ್ರಿಗರ್ ಒತ್ತಿದಾಗಲೆಲ್ಲ ಸ್ವರ ಮೇಲೇ ಉಳಿಯುತ್ತದೆ. ಹಾಗಾಗಿ ಕೊಳ್ಳುವಾಗ ಆ ಸ್ಲೈಡುಗಳು ಕೈಯಿಂದ ಸರಾಗವಾಗಿ ಎಳೆಯಲು ಬರುತ್ತವೆಯೇ, ಎಳೆಯಲು ಇನ್ನೂ ಜಾಗ ಉಳಿದಿದೆಯೇ ನೋಡಿ. ಹಳೆಯ ವಾದ್ಯಗಳಲ್ಲಿ ಇವು ವರ್ಷಗಟ್ಟಲೆ ಮುಟ್ಟದೆ ಹಿಡಿದುಬಿಟ್ಟಿರುತ್ತವೆ.

ಮೂರನೇ ಕಾಟ ನೀರು. ನಮ್ಮ ಕಡೆ ಬಹಳ ಊರುಗಳ ಬೋರ್‌ವೆಲ್ ನೀರು ಗಡುಸು. ಅದರಿಂದ ವಾದ್ಯ ತೊಳೆದು ಹಾಗೇ ಒಣಗಲು ಬಿಟ್ಟರೆ, ಕೊಡದ ಒಳಗೆ ಕಾಣುವ ಅದೇ ಬಿಳಿ ಪದರ ರೋಟರಿನ ಮೇಲೂ ಕೂರುತ್ತದೆ. ಸೋಪು ನೀರಿನಲ್ಲಿ ತೊಳೆಯುವುದಕ್ಕೆ ಬೋರ್ ನೀರೇ ಇರಲಿ. ಕೊನೆಯಲ್ಲಿ ಒಮ್ಮೆ ಕುಡಿಯುವ ಫಿಲ್ಟರ್ ನೀರು ಹಾಯಿಸಿ, ತಕ್ಷಣ ಒರೆಸಿ. ಹುಣಸೆಹಣ್ಣಿನಿಂದ ಬೆಲ್ ಉಜ್ಜುವ ಅಭ್ಯಾಸ ನಮ್ಮ ಬ್ಯಾಂಡುಗಳಲ್ಲಿ ಇನ್ನೂ ಇದೆ. ಲ್ಯಾಕರ್ ಇಲ್ಲದ ಬೆಲ್ಲಿಗೆ ಅದರಿಂದ ಹೊಳಪು ಬರುತ್ತದೆ ನಿಜ. ಆದರೆ ಆ ಹುಳಿ ನೀರು ವಾಲ್ವಿನೊಳಗೆ ಎಂದಿಗೂ ಹೋಗಕೂಡದು.

ಈಗ ನೀವು ಮಾರುವವರ ಮನೆಗೆ ಹೋದಾಗ ಮಾಡಬೇಕಾದ್ದು. ಹೋಗುವ ಮೊದಲೇ ಫೋನ್‌ನಲ್ಲಿ ಹೇಳಿ, "ವಾಲ್ವಿಗೆ ಹೊಸದಾಗಿ ಎಣ್ಣೆ ಹಾಕಬೇಡಿ" ಎಂದು. ದಪ್ಪ ಎಣ್ಣೆ ತುಂಬಿದರೆ ಸವೆದ ರೋಟರೂ ಆ ಹೊತ್ತಿಗೆ ಬಿಗಿಯಾಗಿಯೇ ಕಾಣುತ್ತದೆ. ವಾದ್ಯ ಕೈಗೆ ಬಂದಮೇಲೆ ಟ್ರಿಗರ್ ಒತ್ತದೆ ಎಫ್ ಕೊಳವೆಯ ಟ್ಯೂನಿಂಗ್ ಸ್ಲೈಡನ್ನು ಎರಡು ಬೆರಳಗಲ ಹೊರಗೆಳೆಯಿರಿ. ಹತ್ತು ಎಣಿಸಿ. ಆಮೇಲೆ ಟ್ರಿಗರ್ ಒತ್ತಿ. "ಟಪ್" ಎಂದು ಗಾಳಿ ನುಗ್ಗುವ ಸದ್ದು ಸ್ಪಷ್ಟವಾಗಿ ಕೇಳಿದರೆ ರೋಟರ್ ಗಾಳಿ ಹಿಡಿದಿಟ್ಟಿತ್ತು ಎಂದರ್ಥ. ಸದ್ದೇ ಇಲ್ಲವೆಂದರೆ ಎಣಿಸುವಾಗಲೇ ಗಾಳಿ ಒಳಗೆ ಸೋರಿಹೋಗಿದೆ. ಎರಡನೇ ವಾಲ್ವಿನ ಸ್ಲೈಡಿಗೂ ಹೀಗೆಯೇ ಮಾಡಿ. ಟ್ಯೂನಿಂಗ್ ಸ್ಲೈಡೇ ಸಡಿಲವಾಗಿದ್ದರೂ ಸದ್ದು ಬರುವುದಿಲ್ಲ. ಅನುಮಾನ ಬಂದರೆ ಸ್ಲೈಡಿಗೆ ಸ್ವಲ್ಪ ಗ್ರೀಸ್ ಸವರಿ ಮತ್ತೊಮ್ಮೆ ನೋಡಿ. ಮೂರು ವಾದ್ಯಗಳಲ್ಲಿ ಯಾವುದು ಈ ಪರೀಕ್ಷೆಯಲ್ಲಿ ಸೋತರೂ ಅದರ ಹೆಸರು, ಮಾದರಿ, ಬೆಲೆ ಏನೇ ಇರಲಿ, ಬಿಟ್ಟುಬಿಡಿ. ಸವೆದ ರೋಟರಿಗೆ ಲೋಹದ ಪದರ ಏರಿಸಿ ಗೂಡಿಗೆ ಹೊಂದಿಸಿ ಉಜ್ಜುವುದು ದುಬಾರಿ, ನುರಿತವರ ಕೆಲಸ. ಕೊಪ್ಪಳದಲ್ಲಿ ಕೂತು ನಾನು ತಗ್ಗು ತೆಗೆಯುತ್ತೇನೆ, ದಾರ ಕಟ್ಟುತ್ತೇನೆ, ಬೆಸುಗೆ ಹಾಕುತ್ತೇನೆ. ಅದನ್ನು ಮಾತ್ರ ಮಾಡಲಾರೆ.

ಆದರೆ ಟ್ರಿಗರ್ ಒತ್ತಿದಾಗ ದನಿ ಕಟ್ಟಿದಂತಾದರೆ ರೋಟರಿನ ಮೇಲೆ ತಕ್ಷಣ ತಪ್ಪು ಹೊರಿಸಬೇಡಿ. ರೋಟರಿನ ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆಯಿರಿ. ಒಳಗೆ ರೋಟರಿನ ಅಚ್ಚಿನ ತುದಿಯಲ್ಲಿ ಗುರುತಿನ ಗೆರೆಗಳಿರುತ್ತವೆ, ಸುತ್ತಲಿನ ತಟ್ಟೆಯ ಮೇಲೂ ಒಂದು ಗೆರೆ. ಒತ್ತದಿದ್ದಾಗ ಒಂದು ಗುರುತು, ಒತ್ತಿದಾಗ ಇನ್ನೊಂದು ಆ ಗೆರೆಗೆ ನೇರ ಕೂಡಬೇಕು. ಕೂಡದಿದ್ದರೆ ಒಳದಾರಿ ಅರ್ಧ ತೆರೆದು ಅರ್ಧ ಮುಚ್ಚಿ ನಿಂತಿದೆ ಎಂದು. ಕಾರಣ ಬಹುತೇಕ ರೋಟರ್ ತಿರುಗಿ ತಡೆದು ನಿಲ್ಲುವ ಚಿಕ್ಕ ರಬ್ಬರ್ ಬಂಪರು, ಬಿಸಿಲಿಗೆ ಗಟ್ಟಿಯಾಗಿ ಕುಗ್ಗಿರುತ್ತದೆ. ಹೊಸ ತುಂಡು ಕತ್ತರಿಸಿ ಕೂರಿಸಿದರೆ ಸರಿಹೋಗುವ ಈ ದೋಷಕ್ಕೆ "ವಾಲ್ವ್ ಹೋಗ್ಯದ" ಎಂದು ಒಳ್ಳೊಳ್ಳೆಯ ವಾದ್ಯಗಳನ್ನು ಗುಜರಿ ಬೆಲೆಗೆ ಮಾರಿದವರನ್ನು ನೋಡಿ ಬೇಸರಪಟ್ಟಿದ್ದೇನೆ. ಚೌಕಾಸಿ ಮಾಡುವಾಗ ಇದು ನಿಮಗೆ ಅನುಕೂಲಕ್ಕೂ ಬರುತ್ತದೆ.

ಟ್ರಿಗರಿನಿಂದ ರೋಟರಿಗೆ ಹೋಗುವ ಜೋಡಣೆ ದಾರದ್ದೋ, ಲೋಹದ ಬಾಲ್ ಜಾಯಿಂಟಿನದೋ ನೋಡಿ. ಹೊಸಬರು ದಾರ ಕಂಡರೆ ಹಳೇ ಪದ್ಧತಿ ಎಂದು ಮೂಗು ಮುರಿಯುತ್ತಾರೆ. ನನಗೆ ದಾರವೇ ಇಷ್ಟ. ಸದ್ದಿಲ್ಲದೆ ಕೆಲಸ ಮಾಡುತ್ತದೆ. ಹರಿದರೆ ಗಾಳದ ಅಂಗಡಿಯಲ್ಲಿ ಸಿಗುವ ಹೆಣೆದ ನೈಲಾನ್ ದಾರ ಹತ್ತು ನಿಮಿಷದಲ್ಲಿ ಕಟ್ಟಬಹುದು. ಬಾಲ್ ಜಾಯಿಂಟ್ ಸವೆದರೆ ಕಟಕಟ ಎನ್ನುತ್ತದೆ, ಅದರ ಬಿಡಿಭಾಗ ಬರುವವರೆಗೆ ಕಾಯಬೇಕು. ಡಿಪೆಂಡೆಂಟ್ ವಾದ್ಯದಲ್ಲಿ ಇನ್ನೊಂದು ವಿಷಯ ಮರೆಯಬೇಡಿ. ಹಳೆಯವು ಕೆಲವು ಎರಡೂ ಒತ್ತಿದಾಗ ಡಿಗೆ ಬದಲು ಇ ಫ್ಲ್ಯಾಟ್‌ಗೆ ಇಳಿಯುತ್ತವೆ. ಕೀಬೋರ್ಡ್ ಪಕ್ಕದಲ್ಲಿಟ್ಟು ಮೊದಲ ಪೊಸಿಷನ್‌ನಲ್ಲಿ ನುಡಿಸಿ ನೋಡಿ. ಇ ಫ್ಲ್ಯಾಟ್ ಆಗಿದ್ದರೂ ಬಿ ಸಿಗುತ್ತದೆ, ಆದರೆ ಸ್ಲೈಡಿನ ಕೊನೆಯಲ್ಲಿ, ಕೈ ಪೂರ್ತಿ ಚಾಚಿ. ಕೆಲವಕ್ಕೆ ಉದ್ದನೆಯ ಬದಲಿ ಸ್ಲೈಡ್ ಹಾಕಿ ಡಿ ಮಾಡಿಕೊಳ್ಳಬಹುದು, ಅದು ಪೆಟ್ಟಿಗೆಯಲ್ಲೇ ಬಿದ್ದಿರುತ್ತದೆ. ಕೇಳಿ.

ಹೊಸ, ಕಡಿಮೆ ಬೆಲೆಯ ಇಂಡಿಪೆಂಡೆಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಗುಂಪಿನಲ್ಲಿ ಒಂದೇ ಮಾದರಿಯ ಎರಡು ವಾದ್ಯ ಅಕ್ಕಪಕ್ಕ ಇಟ್ಟರೆ ಒಂದು ಚೆನ್ನಾಗಿರುತ್ತದೆ, ಇನ್ನೊಂದು ಇರುವುದಿಲ್ಲ. ಚಿತ್ರ ನೋಡಿ ತರಿಸುವುದಾದರೆ ಬೇಡ. ಅಂಗಡಿಯಲ್ಲಿ ನಿಂತು ಮೇಲಿನ ಪರೀಕ್ಷೆಗಳನ್ನೆಲ್ಲ ಮಾಡಲು ಬಿಟ್ಟು, ಅದೇ ವಾದ್ಯವನ್ನು ಕೈಗೆ ಕೊಡುವುದಾದರೆ ಯೋಚಿಸಬಹುದು. ಇಂಡಿಪೆಂಡೆಂಟ್ ಆದ್ದರಿಂದ ಎರಡೂ ವಾಲ್ವ್ "ಟಪ್" ಎನ್ನಲೇಬೇಕು, ಒಂದು ಅಂದರೆ ಸಾಲದು.

ಎಡಗೈ ಬಗ್ಗೆಯೂ ಎರಡು ಮಾತು. ಎರಡು ವಾಲ್ವಿನ ಬಾಸ್ ಟ್ರೊಂಬೋನ್ ತೂಕ ಎರಡು ಕಿಲೋ ದಾಟುತ್ತದೆ, ಅಷ್ಟೂ ಎಡಗೈ ಮೇಲೆ. ಅದೇ ಕೈಯ ಹೆಬ್ಬೆರಳು ಎಫ್ ಟ್ರಿಗರ್ ಒತ್ತಬೇಕು, ನಡುಬೆರಳು ಎರಡನೆಯದನ್ನು. ಕುರ್ಚಿಯಲ್ಲಿ ಕೂತು ಐದು ನಿಮಿಷ ನುಡಿಸಿ ನಿರ್ಧರಿಸಬೇಡಿ. ಎದ್ದು ನಿಂತು, ಅಂಗಳದಲ್ಲಿ ನಡೆಯುತ್ತ, ಅರ್ಧ ಗಂಟೆ ಹಿಡಿದು ನೋಡಿ. ಮಣಿಕಟ್ಟು ಸೋತರೆ ಬೆರಳು ಟ್ರಿಗರನ್ನು ಪೂರ್ತಿ ಒತ್ತುವುದಿಲ್ಲ, ಆಗ ಎಂಥ ವಾಲ್ವೂ ಅರ್ಧ ಮುಚ್ಚಿದ ವಾಲ್ವೇ. ಮಾರುವವರು ಒಪ್ಪದಿದ್ದರೆ ಮನೆಯಲ್ಲೇ ನಿಮ್ಮ ಟೆನರ್‌ಗೆ ಒಂದಿಷ್ಟು ತೂಕ ಕಟ್ಟಿ ನಡೆದು ನೋಡಿ.

ಆರ್ಕೆಸ್ಟ್ರಾ ಆಸೆ ಬಿಡಬೇಡಿ. ಡಿಪೆಂಡೆಂಟ್ ಹಿಡಿದು ಆರ್ಕೆಸ್ಟ್ರಾದಲ್ಲಿ ಕೂರಬಾರದು ಎಂಬ ನಿಯಮ ಎಲ್ಲೂ ಇಲ್ಲ. ವಾದ್ಯ ತಯಾರಿಸುವ ಬಾಕ್ ಕಂಪನಿ 50ನೇ ಮಾದರಿಯ ಬಾಸ್ ಟ್ರೊಂಬೋನನ್ನು ಒಂದು ವಾಲ್ವಿನಲ್ಲಿ, ಎರಡು ಡಿಪೆಂಡೆಂಟ್‌ನಲ್ಲಿ, ಎರಡು ಇಂಡಿಪೆಂಡೆಂಟ್‌ನಲ್ಲಿ ಮೂರೂ ಬಗೆಯಾಗಿ ಮಾಡಿದೆ. ಮೂರನ್ನೂ ವೃತ್ತಿಪರರು ನುಡಿಸಿದ್ದಾರೆ. ಅಲ್ಲಿ ನಿಮ್ಮನ್ನು ಅಳೆಯುವುದು ದನಿಯ ದುಂಡುತನದಿಂದ, ಶ್ರುತಿಯಿಂದ, ಪಕ್ಕದ ಇಬ್ಬರು ಟ್ರೊಂಬೋನಿನವರ ಜೊತೆ ಹೊಂದುವ ರೀತಿಯಿಂದ. ಜಿ ಫ್ಲ್ಯಾಟ್ ವಾಲ್ವ್ ಇಲ್ಲದೆ ಒಂದು ಸಾಲು ನಿಜಕ್ಕೂ ನುಡಿಸಲಾಗುತ್ತಿಲ್ಲ ಎನ್ನುವ ಮಟ್ಟ ಮುಟ್ಟಿದ ದಿನ ಈ ವಾದ್ಯ ಮಾರಿ ಇಂಡಿಪೆಂಡೆಂಟ್ ಕೊಳ್ಳಿ. ಬಿಗಿ ರೋಟರಿನ ವಾದ್ಯಕ್ಕೆ ಗಿರಾಕಿ ತಪ್ಪುವುದಿಲ್ಲ.

ಕೊಂಡಮೇಲೆ ಪಾಲನೆ ಹೀಗಿರಲಿ. ರೋಟರಿನ ಮೈಗೆ ತೆಳುವಾದ ವಾಲ್ವ್ ಎಣ್ಣೆ, ಮುಚ್ಚಳದೊಳಗಿನ ಅಚ್ಚಿಗೂ ಟ್ರಿಗರ್ ಕೀಲುಗಳಿಗೂ ಸ್ವಲ್ಪ ದಪ್ಪನೆಯದು. ಬೇಸಿಗೆಯಲ್ಲಿ ನುಡಿಸುವ ಪ್ರತಿ ದಿನ ಹಾಕಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲೆಲ್ಲ ಹೊಲಿಗೆ ಮಷಿನ್ ಎಣ್ಣೆ ಸಿಗುತ್ತದೆ. ಅವಸರಕ್ಕೆ ಅಚ್ಚು, ಕೀಲುಗಳಿಗೆ ಅದು ನಡೆಯುತ್ತದೆ, ರೋಟರಿನ ಒಳಮೈಗೆ ದಪ್ಪವಾಯಿತು. ಕೊಬ್ಬರಿ ಎಣ್ಣೆ ಎಲ್ಲಿಗೂ ಬೇಡ, ಕೆಲವು ವಾರಗಳಲ್ಲಿ ಅಂಟಾಗಿ ರೋಟರನ್ನೇ ಹಿಡಿಯುತ್ತದೆ. ಮದುವೆಮನೆಯಲ್ಲಿ ಹೋಳಿಗೆ ಊಟ ಮಾಡಿ ಬಾಯಿ ಮುಕ್ಕಳಿಸದೆ ವಾದ್ಯ ಎತ್ತಬೇಡಿ, ಎಲೆ ಅಡಿಕೆ ಹಾಕಿದ ಬಾಯಲ್ಲಂತೂ ಬೇಡವೇ ಬೇಡ. ಬೆಲ್ಲದ ಅಂಟು, ಸುಣ್ಣ ಎಲ್ಲ ಉಸಿರಿನ ಜೊತೆ ಹೋಗಿ ಕೂರುವುದು ಆ ನೂರರಲ್ಲಿ ಕೆಲವು ಭಾಗದ ಸಂದಿನಲ್ಲೇ. ತಗಡಿನ ಕೋಣೆಯಲ್ಲಿ, ನಿಲ್ಲಿಸಿದ ಗಾಡಿಯೊಳಗೆ ಮಧ್ಯಾಹ್ನ ಪೂರ್ತಿ ಬಿಟ್ಟರೆ ಬಂಪರ್ ರಬ್ಬರ್ ಬೇಗ ಹಾಳಾಗುತ್ತದೆ.

ಆ ಡಿಪೆಂಡೆಂಟ್ ವಾದ್ಯ ನೋಡಲು ಹೋದಾಗ ಮುಚ್ಚಳ ತೆಗೆದು ಎರಡೂ ರೋಟರಿನ ಗುರುತುಗಳ ಫೋಟೋ ತೆಗೆದುಕೊಳ್ಳಿ, ಒತ್ತದೆ ಒಂದು, ಒತ್ತಿ ಒಂದು. ಸ್ಲೈಡಿನ ಒಳಕೊಳವೆಗಳ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳಿದ್ದರೆ ಅದರ ಫೋಟೋ ಕೂಡ ಇರಲಿ, ಅದು ಹಿತ್ತಾಳೆಯೊಳಗಿನ ಸತು ಕರಗಿ ಹೋಗುತ್ತಿರುವ ಗುರುತು. ಮುಂಗಡ ಕೊಡುವ ಮೊದಲು ಅವನ್ನು ಕಳಿಸಿ, ನೋಡಿ ಹೇಳುತ್ತೇನೆ. ಬಂಪರ್ ಬದಲಿಸುವುದಷ್ಟೇ ಇದ್ದರೆ ಒಂದು ದಿನ ಕೊಪ್ಪಳಕ್ಕೆ ಬನ್ನಿ, ಕೂತು ಇಬ್ಬರೂ ಸೇರಿ ಮಾಡೋಣ, ಮುಂದಿನ ಸಲ ನಿಮಗೆ ನೀವೇ ಮಾಡಿಕೊಳ್ಳಲು ಬರುತ್ತದೆ.